ಕ್ರಾನ್ ಕೆಲಸ ಮುಗಿದರೂ ಜಾಗ ಬಿಡದ ಪ್ರಾಸೆಸ್‌ಗಳು: ಯಾರು ಯಾರಿಗೆ ಕಾಯುತ್ತಿದ್ದಾರೆ?

ಸರ್ವರ್ ಯಾಕೋ ನಿಧಾನ ಆಗಿದೆ ಅಂತ ಯಾರೋ ಹೇಳುತ್ತಾರೆ. ನೀವು ಲಾಗಿನ್ ಆಗಿ, ಓಡುತ್ತಿರುವ ಪ್ರಾಸೆಸ್‌ಗಳ (ಪ್ರೋಗ್ರಾಮ್‌ಗಳ) ಪಟ್ಟಿ ನೋಡಲು ಪಿಎಸ್ ಹೊಡೆಯುತ್ತೀರಿ. ಕ್ರಾನ್ (ಹೇಳಿದ ಹೊತ್ತಿಗೆ ಕೆಲಸಗಳನ್ನು ತಾನಾಗೇ ಶುರು ಮಾಡುವ ಪ್ರೋಗ್ರಾಮ್) ಓಡಿಸುವ ಒಂದೇ ಸ್ಕ್ರಿಪ್ಟಿನ ಹೆಸರು ನಲವತ್ತು ಸಲ ಬರುತ್ತದೆ. ಕೆಲವು ಬೆಳಗ್ಗೆ ಶುರುವಾದವು, ಕೆಲವು ಮೂರು ದಿನ ಹಳೆಯವು, ನಡುನಡುವೆ ‘ಡಿಫಂಕ್ಟ್’ ಅಂತ ಹಣೆಗೆ ಬರೆದುಕೊಂಡ ಒಂದಷ್ಟು ಸಾಲುಗಳು. ಕೈ ತಾನಾಗೇ ಕಿಲ್ -9 (ಪ್ರಾಸೆಸನ್ನು ಬಲವಂತವಾಗಿ ಕೊಲ್ಲುವ ಕಮಾಂಡ್) ಕಡೆ ಹೋಗುತ್ತದೆ. ಒಂದು ನಿಮಿಷ ತಡೆಯಿರಿ.

ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಎಲ್ಲವನ್ನೂ ಕೊಂದು, ಸರ್ವರ್ ಹಗುರಾಗಿದ್ದು ನೋಡಿ, ಸಮಾಧಾನದಿಂದ ಲಾಗೌಟ್ ಆಗಿ, ಮೂರೇ ದಿನಕ್ಕೆ ಮತ್ತೆ ಅದೇ ನಲವತ್ತು ಸಾಲು ನೋಡಿದ್ದೇನೆ. ಕೊಂದಾಗ ಸಾಕ್ಷಿಯೂ ಜೊತೆಗೇ ಹೋಗುತ್ತದೆ, ಅದೇ ದೊಡ್ಡ ನಷ್ಟ. ಆ ಪ್ರಾಸೆಸ್ ಯಾವುದಕ್ಕೆ ಕಾಯುತ್ತಿತ್ತು ಅನ್ನೋದು ಅದು ಇರುವಾಗ ಮಾತ್ರ ಗೊತ್ತಾಗುತ್ತದೆ. ಉಳಿದುಕೊಂಡ ಪ್ರಾಸೆಸ್‌ಗಳ ಹಿಂದೆ ಹೆಚ್ಚುಕಡಿಮೆ ಯಾವಾಗಲೂ ಒಂದೇ ಕತೆ ಇರುತ್ತದೆ. ಯಾರೋ ಯಾರಿಗೋ ಕಾಯುತ್ತಿರುತ್ತಾರೆ. ಯಾರು, ಯಾರಿಗೆ ಅನ್ನೋದು ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಸತ್ತರೂ ಲೆಕ್ಕದಿಂದ ಹೋಗದವರು

ಮೊದಲು ಸ್ವಲ್ಪ ಬುಡದ ವಿಷಯ. ಯುನಿಕ್ಸ್‌ನಲ್ಲಿ ಪ್ರಾಸೆಸ್ ಆಕಾಶದಿಂದ ಉದುರುವುದಿಲ್ಲ. ಈಗಾಗಲೇ ಇರುವ ಒಂದು ಪ್ರಾಸೆಸ್ ಫೋರ್ಕ್ ಮಾಡಿ ತನ್ನದೇ ನಕಲು ಹುಟ್ಟಿಸುತ್ತದೆ, ಆ ನಕಲು ಎಕ್ಸೆಕ್ ಮಾಡಿ ಬೇರೆ ಪ್ರೋಗ್ರಾಮ್ ಆಗಿ ಬದಲಾಗುತ್ತದೆ. ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್. ಚೈಲ್ಡ್ ಕೆಲಸ ಮುಗಿಸಿ ಎಕ್ಸಿಟ್ ಆದಾಗ ಕರ್ನಲ್ (ಸಿಸ್ಟಮ್‌ನ ತಿರುಳು) ಅದರ ಮೆಮೊರಿ, ತೆರೆದ ಫೈಲು ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದೆ. ಒಂದು ಚೀಟಿ ಮಾತ್ರ ಇಟ್ಟುಕೊಳ್ಳುತ್ತದೆ. ಇಂಥ ನಂಬರಿನ ಪ್ರಾಸೆಸ್ ಇಂಥ ಎಕ್ಸಿಟ್ ಕೋಡ್ ಕೊಟ್ಟು ಸತ್ತಿತು ಅಂತ ಅದರಲ್ಲಿರುತ್ತದೆ. ಪೇರೆಂಟ್ ಬಂದು ವೇಟ್ ಅನ್ನುವ ಸಿಸ್ಟಮ್ ಕಾಲ್ ಮಾಡಿ ಆ ಚೀಟಿಯನ್ನು ಪಡೆದುಕೊಳ್ಳಬೇಕು. ಅಲ್ಲಿಯವರೆಗೆ ಪಟ್ಟಿಯಲ್ಲಿ ಆ ಹೆಸರು ಹಾಗೇ ಇರುತ್ತದೆ. ಇದೇ ಜಾಂಬಿ. ಪಿಎಸ್‌ನಲ್ಲಿ ಇದರ ಸ್ಥಿತಿ ‘ಝೆಡ್’, ಪಕ್ಕದಲ್ಲಿ ‘ಡಿಫಂಕ್ಟ್’.

ಜಾಂಬಿಗೆ ಕಿಲ್ -9 ಕೊಟ್ಟರೆ ಏನೂ ಆಗುವುದಿಲ್ಲ. ಸತ್ತವರನ್ನು ಇನ್ನೊಮ್ಮೆ ಸಾಯಿಸೋಕೆ ಆಗಲ್ಲ, ಅಲ್ವಾ? ಅದು ಮೆಮೊರಿ ತಿನ್ನುವುದಿಲ್ಲ, ಸಿಪಿಯು ತಿನ್ನುವುದಿಲ್ಲ. ಹಾಗಾಗಿ ಒಂದೆರಡು ಜಾಂಬಿ ಕಂಡರೆ ಗಾಬರಿ ಬೇಡ. ಆದರೆ ಪ್ರತಿಯೊಂದೂ ಒಂದು ಪಿಐಡಿ, ಅಂದರೆ ಪ್ರಾಸೆಸ್ ನಂಬರ್, ಹಿಡಿದುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ ಬಹಳ ಕಾಲ ಪಿಐಡಿ ಮಿತಿ 32768 ಇತ್ತು, ಈಗಿನ 64 ಬಿಟ್ ಮೆಷಿನ್‌ಗಳಲ್ಲಿ 4194304ರವರೆಗೆ ಏರಿಸಬಹುದು. ಹಳೆಯ ಮಿತಿಯಲ್ಲಿ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೊಂದು ಜಾಬ್ ಓಡಿದರೆ ದಿನಕ್ಕೆ 1440. ಪ್ರತಿ ಸಲ ಒಂದು ಜಾಂಬಿ ಉಳಿದರೂ 23ನೇ ದಿನ ಹೊಸ ಪ್ರಾಸೆಸ್ ಹುಟ್ಟಿಸಲು ನಂಬರೇ ಇರುವುದಿಲ್ಲ. ಆಗ ಲಾಗಿನ್ ಆಗಿ ಒಂದು ಎಲ್‌ಎಸ್ ಹೊಡೆಯೋಕೂ ಆಗುವುದಿಲ್ಲ. ನಿಜವಾಗಿ ಅದಕ್ಕಿಂತ ಮುಂಚೆಯೇ ಯೂಸರ್‌ಗೆ ಇಷ್ಟೇ ಪ್ರಾಸೆಸ್ ಅನ್ನುವ ಇನ್ನೊಂದು ಮಿತಿ ಅಡ್ಡ ಬರುವುದು ಜಾಸ್ತಿ.

ಇದರ ಉಲ್ಟಾ ಕೇಸು ಅನಾಥ ಪ್ರಾಸೆಸ್. ಇಲ್ಲಿ ಪೇರೆಂಟ್ ಸತ್ತಿದೆ, ಚೈಲ್ಡ್ ಬದುಕಿದೆ. ಕರ್ನಲ್ ಅದನ್ನು ಪಿಐಡಿ 1ರ, ಅಂದರೆ ಎಲ್ಲಕ್ಕಿಂತ ಮೊದಲು ಹುಟ್ಟಿದ ಪ್ರಾಸೆಸ್‌ನ, ಮಡಿಲಿಗೆ ಹಾಕುತ್ತದೆ (ಲಿನಕ್ಸ್‌ನಲ್ಲಿ ನಡುವೆ ಬೇರೆ ಯಾರಾದರೂ ಸಬ್‌ರೀಪರ್ ಅಂತ ಮುಂದೆ ಬಂದಿದ್ದರೆ ಅವರ ಮಡಿಲಿಗೆ). ಅನಾಥ ಆಗುವುದು ತಪ್ಪೇನಲ್ಲ, ಎಷ್ಟೋ ಡೀಮನ್‌ಗಳು (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮ್‌ಗಳು) ಬೇಕಂತಲೇ ಹಾಗೆ ಆಗುತ್ತವೆ. ಆದರೆ ಕ್ರಾನ್‌ನಿಂದ ಶುರುವಾದ ಸ್ಕ್ರಿಪ್ಟಿನ ತುಣುಕೊಂದು ಪಿಐಡಿ 1ರ ಕೆಳಗೆ ಕೂತು ಎರಡು ದಿನದಿಂದ ಡಿಸ್ಕ್ ಓದುತ್ತಿದೆ ಅಂದರೆ ಅದನ್ನು ಕೇಳುವವರು ಯಾರೂ ಇಲ್ಲ ಅಂತಲೇ ಅರ್ಥ.

ಜಾಂಬಿ ಕಂಡರೆ ಪೇರೆಂಟ್ ಕಡೆ ನೋಡಿ. ಅನಾಥ ಕಂಡರೆ, ಅದರ ಪೇರೆಂಟನ್ನು ಕೊಂದವರು ಯಾರು ಅಂತ ನೋಡಿ. ಎಷ್ಟೋ ಸಲ ಅದು ನೀವೇ.

ಕ್ರಾನ್ ಒಳಗೆ ನಡೆಯುವುದು

ಇವತ್ತು ಬಳಕೆಯಲ್ಲಿರುವ ಬಹುತೇಕ ಕ್ರಾನ್‌ಗಳ ಮೂಲ ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್. ಅದು ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತದೆ. ಜಾಬ್‌ನ ಹೊತ್ತಾಗಿದ್ದರೆ ಫೋರ್ಕ್ ಮಾಡುತ್ತದೆ. ಹೀಗೆ ಹುಟ್ಟಿದ ಚೈಲ್ಡ್ ತಾನೇ ನಿಮ್ಮ ಕಮಾಂಡ್ ಓಡಿಸುವುದಿಲ್ಲ. ಅದು ಇನ್ನೊಮ್ಮೆ ಫೋರ್ಕ್ ಮಾಡುತ್ತದೆ, ಆ ಮೊಮ್ಮಗು ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಆಗಿ ಬದಲಾಗಿ ನಿಮ್ಮ ಸ್ಕ್ರಿಪ್ಟ್ ಓಡಿಸುತ್ತದೆ. ನಡುವಿನವನ ಕೆಲಸ ಮೇಲ್ವಿಚಾರಣೆ. ಸ್ಕ್ರಿಪ್ಟ್ ಏನಾದರೂ ಪ್ರಿಂಟ್ ಮಾಡಿದರೆ ಅದನ್ನು ಪೈಪ್‌ನಿಂದ (ಒಂದು ಪ್ರಾಸೆಸ್ ಬರೆದದ್ದನ್ನು ಇನ್ನೊಂದಕ್ಕೆ ತಲುಪಿಸುವ ಕೊಳವೆ) ಓದಿ ನಿಮಗೆ ಮೇಲ್ ಮಾಡಬೇಕಲ್ಲ, ಅದಕ್ಕೆ. ಪಿಎಸ್‌ನಲ್ಲಿ ಈ ನಡುವಿನವನ ಹೆಸರು ದೊಡ್ಡಕ್ಷರದಲ್ಲಿ ಕಾಣುತ್ತದೆ, ಮುಖ್ಯ ಡೀಮನ್‌ನದು ಚಿಕ್ಕಕ್ಷರದಲ್ಲಿ. ಗೊತ್ತಿಲ್ಲದವರು ಎರಡೂ ಒಂದೇ ಅಂದುಕೊಂಡು ಯಾವುದನ್ನೋ ಕೊಲ್ಲುತ್ತಾರೆ.

ಈಗ ಗುಟ್ಟಿನ ಜಾಗಕ್ಕೆ ಬಂದೆವು. ಆ ನಡುವಿನವನು ಮೊದಲು ಪೈಪನ್ನು ಕೊನೆಯವರೆಗೂ ಓದುತ್ತಾನೆ, ಆಮೇಲೆ ವೇಟ್ ಮಾಡುತ್ತಾನೆ. ಪೈಪ್ ‘ಕೊನೆ’ ಆಗುವುದು ಯಾವಾಗ? ಬರೆಯುವ ತುದಿಯನ್ನು ಹಿಡಿದ ಪ್ರತಿಯೊಬ್ಬರೂ ಅದನ್ನು ಮುಚ್ಚಿದಾಗ. ಶೆಲ್ ಮುಚ್ಚಿದರೆ ಸಾಲದು. ಶೆಲ್ ಹುಟ್ಟಿಸಿದ ಮಕ್ಕಳಿಗೂ ಆ ತುದಿ ಬಳುವಳಿಯಾಗಿ ಹೋಗಿರುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಪರೀಕ್ಷೆಗೆ ಅಂತ ಇಟ್ಟ ಮೆಷಿನ್‌ನಲ್ಲಿ ಕ್ರಾನ್‌ಟ್ಯಾಬ್‌ಗೆ (ಕ್ರಾನ್ ನೋಡುವ ಪಟ್ಟಿಗೆ) ಈ ಸಾಲು ಹಾಕಿ:

* * * * * ಸ್ಲೀಪ್ 600 &

(ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ನಿಮಗೆ ಗೊತ್ತಿರುವ ಹಾಗೆ ಮಾಡಿ.) ಶೆಲ್ ಸ್ಲೀಪನ್ನು ಹಿನ್ನೆಲೆಗೆ ತಳ್ಳಿ ಕಣ್ಣುಮುಚ್ಚಿ ಬಿಡುವುದರೊಳಗೆ ಸಾಯುತ್ತದೆ. ಸ್ಲೀಪ್ ಮಾತ್ರ ಪೈಪಿನ ತುದಿ ಹಿಡಿದುಕೊಂಡು ಹತ್ತು ನಿಮಿಷ ಮಲಗುತ್ತದೆ. ಮೇಲ್ವಿಚಾರಕ ಪೈಪ್ ಓದುತ್ತಾ ಕೂತಿದ್ದಾನೆ, ವೇಟ್ ಮಾಡುವ ಹಂತಕ್ಕೇ ಬಂದಿಲ್ಲ. ಹಾಗಾಗಿ ಶೆಲ್ ಜಾಂಬಿ. ಹತ್ತು ನಿಮಿಷ ಆದ ಮೇಲೆ ಸ್ಲೀಪ್ ಮುಗಿಯುತ್ತದೆ, ಪೈಪ್ ಮುಚ್ಚುತ್ತದೆ, ಮೇಲ್ವಿಚಾರಕ ವೇಟ್ ಮಾಡುತ್ತಾನೆ, ಜಾಂಬಿ ಮಾಯ. ಆ ಸಾಲನ್ನು ತೆಗೆಯಲು ಮರೆಯಬೇಡಿ, ನಿಮಿಷಕ್ಕೊಂದು ಸೇರುತ್ತಾ ಹೋಗುತ್ತದೆ. ಒಂದು ಮಾತು: ಎಲ್ಲ ಕ್ರಾನ್‌ಗಳೂ ಹೀಗೇ ಅಲ್ಲ. ಪೈಪ್ ಬದಲು ತಾತ್ಕಾಲಿಕ ಫೈಲಿಗೆ ಬರೆಯುವ ಹಾಗೆ ತಿದ್ದಿದ ಕ್ರಾನ್‌ಗಳೂ ಇವೆ. ಅಲ್ಲಿ ಈ ಜಾಂಬಿ ಕಾಣುವುದಿಲ್ಲ, ಸ್ಲೀಪ್ ಮಾತ್ರ ಸದ್ದಿಲ್ಲದೆ ಉಳಿಯುತ್ತದೆ.

ಸ್ಲೀಪ್ ಜಾಗದಲ್ಲಿ ಒಂದು ಡೀಮನ್ ಇಟ್ಟು ನೋಡಿ. ‘ನನ್ನ ಸರ್ವಿಸ್ ಬಿದ್ದಿದೆಯಾ ನೋಡು, ಬಿದ್ದಿದ್ದರೆ ಎಬ್ಬಿಸು’ ಅನ್ನುವ ಸ್ಕ್ರಿಪ್ಟನ್ನು ಐದು ನಿಮಿಷಕ್ಕೊಮ್ಮೆ ಕ್ರಾನ್‌ನಲ್ಲಿ ಹಾಕುವವರು ತುಂಬಾ ಜನ. ಸ್ಕ್ರಿಪ್ಟ್ ಸರ್ವಿಸನ್ನು ಎಬ್ಬಿಸಿತು ಅನ್ನಿ. ಸರ್ವಿಸ್ ಸಾಯುವುದೇ ಇಲ್ಲ, ಅದಕ್ಕೇ ತಾನೇ ಎಬ್ಬಿಸಿದ್ದು. ಅದು ಬಳುವಳಿಯಾಗಿ ಬಂದ ಪೈಪ್ ತುದಿಯನ್ನು ಬಿಡುವುದೂ ಇಲ್ಲ. ಸರ್ವಿಸ್ ಇರುವಷ್ಟು ದಿನ ಒಂದು ಜಾಂಬಿ ಶೆಲ್, ಒಂದು ಕಾಯುತ್ತಾ ಕೂತ ಮೇಲ್ವಿಚಾರಕ. ನೋಡುವವರು ಕ್ರಾನ್ ಕೆಟ್ಟಿದೆ ಅಂತ ಕ್ರಾನನ್ನೇ ರೀಸ್ಟಾರ್ಟ್ ಮಾಡುತ್ತಾರೆ. ಪಾಪ ಕ್ರಾನ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ.

ಪತ್ತೆ ಮಾಡುವ ದಾರಿ ಇದು. ಜಾಂಬಿಯ ಪೇರೆಂಟ್ ಯಾರು ಅಂತ ಪಿಪಿಐಡಿ ಕಾಲಂನಲ್ಲಿ ನೋಡಿ. ಆ ಪೇರೆಂಟ್‌ನ ಪಿಐಡಿ ಹಿಡಿದು ಪ್ರೊಕ್ ಫೋಲ್ಡರ್ ಒಳಗಿನ ಎಫ್‌ಡಿ ಫೋಲ್ಡರ್ (ಆ ಪ್ರಾಸೆಸ್ ತೆರೆದಿಟ್ಟವುಗಳ ಪಟ್ಟಿ) ನೋಡಿ. ಅಲ್ಲಿ ‘ಪೈಪ್’ ಅಂತ ಬರೆದು ಪಕ್ಕದಲ್ಲಿ ಚೌಕ ಕಂಸದೊಳಗೆ ಒಂದು ನಂಬರ್ ಇರುತ್ತದೆ. ಅದೇ ನಂಬರನ್ನು ಎಲ್‌ಎಸ್‌ಒಎಫ್ (ಯಾರು ಏನು ತೆರೆದಿದ್ದಾರೆ ಅಂತ ಹೇಳುವ ಕಮಾಂಡ್) ಕೊಡುವ ಪಟ್ಟಿಯಲ್ಲಿ ಗ್ರೆಪ್ ಮಾಡಿ, ಅಂದರೆ ಹುಡುಕಿ. ಇನ್ನೊಂದು ತುದಿ ಹಿಡಿದ ಕಳ್ಳ ಸಿಗುತ್ತಾನೆ. ರೂಟ್ ಆಗಿ ಮಾಡಿ, ಇಲ್ಲವಾದರೆ ಬೇರೆ ಯೂಸರ್‌ಗಳ ಪ್ರಾಸೆಸ್ ಕಾಣದೆ ಸುಮ್ನೆ ತಲೆ ಕೆರೆದುಕೊಳ್ಳುತ್ತೀರಿ.

ಪರಿಹಾರ ಒಂದೇ ಸಾಲು. ಹಿನ್ನೆಲೆಗೆ ಹೋಗುವ ಪ್ರಾಸೆಸ್‌ನ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಬೇರೆ ಕಡೆ ತಿರುಗಿಸಿ, ಲಾಗ್ ಫೈಲಿಗೋ, ಬಂದದ್ದನ್ನೆಲ್ಲ ಎಸೆದುಬಿಡುವ ನಲ್‌ಗೋ:

> /ಡೆವ್/ನಲ್ 2>&1

ಕ್ರಮ ಮುಖ್ಯ. ಇದನ್ನೇ ತಿರುಗಾಮುರುಗಾ ಮಾಡಿ 2>&1 ಅನ್ನು ಮೊದಲು ಬರೆದರೆ, ಆ ಕ್ಷಣಕ್ಕೆ ಔಟ್‌ಪುಟ್ ಇನ್ನೂ ಪೈಪಿಗೇ ಹೋಗುತ್ತಿರುತ್ತದೆ, ಆದ್ದರಿಂದ ಎರರ್ ಕೂಡ ಪೈಪಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಔಟ್‌ಪುಟ್ ಮಾತ್ರ ನಲ್‌ಗೆ ಹೋಗುತ್ತದೆ. ನೋಡಲು ಎಲ್ಲ ಸರಿ ಇದ್ದ ಹಾಗೇ ಇರುತ್ತದೆ. ಜಾಂಬಿ ಮಾತ್ರ ಹೋಗುವುದಿಲ್ಲ. ಈ ಒಂದು ಅದಲುಬದಲಿಗೆ ನಾನು ಅರ್ಧ ದಿನ ಕಳೆದಿದ್ದೇನೆ.

ಈಗಾಗಲೇ ಕೂತಿರುವ ಜಾಂಬಿಯನ್ನು ಕಳಿಸಬೇಕಾದರೆ? ಮುಖ್ಯ ಡೀಮನ್ ಮುಟ್ಟಬೇಡಿ. ನಡುವಿನ ಮೇಲ್ವಿಚಾರಕನಿಗೆ ಮಾತ್ರ ಕಿಲ್ ಕೊಡಿ. ಅವನು ಸತ್ತರೆ ಜಾಂಬಿ ಪಿಐಡಿ 1ಕ್ಕೆ ಹೋಗುತ್ತದೆ, ಅದು ತಕ್ಷಣ ವೇಟ್ ಮಾಡಿ ಲೆಕ್ಕ ಮುಗಿಸುತ್ತದೆ. ಒಂದು ಎಚ್ಚರ: ಪೈಪ್ ಓದುವವನು ಹೋದ ಮೇಲೆ ನಿಮ್ಮ ಸರ್ವಿಸ್ ಅದೇ ಪೈಪಿಗೆ ಏನಾದರೂ ಬರೆದರೆ ಸಿಗ್‌ಪೈಪ್ ಸಿಗ್ನಲ್ ಬಂದು ಅದೂ ಸಾಯಬಹುದು. ಹಾಗಾಗಿ ಸರ್ವಿಸನ್ನು ಸರಿಯಾದ ರೀಡೈರೆಕ್ಷನ್ ಜೊತೆ ಮತ್ತೆ ಶುರು ಮಾಡುವುದೇ ಒಳ್ಳೆಯದು.

ನಲವತ್ತರಲ್ಲಿ ಅತಿ ಹಳೆಯದು

ಜಾಂಬಿ ಅಲ್ಲ, ನಿಜವಾಗಿ ಬದುಕಿರುವ ನಲವತ್ತು ಕಾಪಿ ಇವೆ ಅನ್ನಿ. ಮೊದಲು ವಯಸ್ಸಿನ ಪ್ರಕಾರ ಸಾಲು ಹಚ್ಚಿ. ಪಿಎಸ್‌ಗೆ ಪಿಐಡಿ, ಪಿಪಿಐಡಿ, ಸ್ಟ್ಯಾಟ್, ಎಲ್‌ಸ್ಟಾರ್ಟ್, ಡಬ್ಲ್ಯೂಚಾನ್, ಆರ್ಗ್ಸ್ ಇಷ್ಟು ಕಾಲಂ ಕೇಳಿದರೆ ಬೇಕಾದ್ದೆಲ್ಲ ಬರುತ್ತದೆ. ಎಲ್‌ಸ್ಟಾರ್ಟ್ ಅಂದರೆ ಶುರುವಾದ ದಿನ ಮತ್ತು ಗಂಟೆ, ಡಬ್ಲ್ಯೂಚಾನ್ ಅಂದರೆ ಕರ್ನಲ್ ಒಳಗೆ ಎಲ್ಲಿ ಕಾಯುತ್ತಿದೆ ಅನ್ನೋದು.

ಅತಿ ಹಳೆಯ ಪ್ರಾಸೆಸ್ ನೋಡಿ. ಬೇರೆ ಮೂವತ್ತೊಂಬತ್ತನ್ನು ಸದ್ಯಕ್ಕೆ ಮರೆತುಬಿಡಿ. ಸಾಮಾನ್ಯವಾಗಿ ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಅದೊಂದೇ, ಉಳಿದವು ಅದು ಹಿಡಿದ ಲಾಕ್‌ಗೋ ಡೇಟಾಬೇಸಿನ ಟೇಬಲ್‌ಗೋ ಕ್ಯೂ ನಿಂತಿರುತ್ತವೆ. ಹಳೆಯದರ ಹುಟ್ಟಿದ ಸಮಯವೂ ಒಂದು ಸುಳಿವು. ಆ ಹೊತ್ತಿಗೆ ಏನಾಯಿತು? ಯಾರಾದರೂ ಫೈರ್‌ವಾಲ್ ಬದಲಿಸಿದರಾ, ಸ್ಟೋರೇಜ್ ಮೆಷಿನ್ ರೀಬೂಟ್ ಆಯಿತಾ, ಹೊಸ ಕೋಡ್ ಹೋಯಿತಾ? ಕ್ರಾನ್ ಲಾಗಿನಲ್ಲಿ ಉತ್ತರ ಹುಡುಕಬೇಡಿ, ಅದರಲ್ಲಿ ಸಾಮಾನ್ಯವಾಗಿ ಜಾಬ್ ಶುರುವಾಗಿದ್ದು ಮಾತ್ರ ಇರುತ್ತದೆ. ಮೆಷಿನ್‌ನ ಇತರ ಲಾಗುಗಳಲ್ಲಿ ಹುಡುಕಿ.

ಇನ್ನು ಸ್ಟ್ಯಾಟ್ ಕಾಲಂನ ಮೊದಲ ಅಕ್ಷರ. ‘ಆರ್’ ಇದ್ದರೆ ಅದು ಕಾಯುತ್ತಿಲ್ಲ, ಓಡುತ್ತಿದೆ. ಕೆಲಸ ನಿಜಕ್ಕೂ ದೊಡ್ಡದಿರಬಹುದು, ಇಲ್ಲವೇ ಲೂಪ್‌ನಲ್ಲಿ ಸುತ್ತುತ್ತಿರಬಹುದು. ‘ಟಿ’ ಇದ್ದರೆ ಯಾರೋ ನಿಲ್ಲಿಸಿದ್ದಾರೆ, ಕಾಂಟ್ ಸಿಗ್ನಲ್ ಕೊಟ್ಟರೆ ಮುಂದುವರಿಯುತ್ತದೆ. ಜಾಸ್ತಿ ಕಾಣುವುದು ‘ಎಸ್’ ಮತ್ತು ‘ಡಿ’.

‘ಎಸ್’ ಅಂದರೆ ಎಬ್ಬಿಸಬಹುದಾದ ನಿದ್ದೆ. ಎಸ್‌ಟ್ರೇಸ್ (ಪ್ರಾಸೆಸ್ ಕರ್ನಲ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಕಮಾಂಡ್) ಹಾಕಿ ನೋಡಿದರೆ ‘ರೀಡ್’ ಅಂತ ಒಂದು ಅರ್ಧ ಸಾಲು ಬಂದು ಅಲ್ಲೇ ನಿಂತಿರುತ್ತದೆ, ಬ್ರಾಕೆಟ್‌ನಲ್ಲಿ ಎಫ್‌ಡಿ ನಂಬರ್. ಆ ನಂಬರನ್ನು ಮತ್ತೆ ಪ್ರೊಕ್‌ನ ಎಫ್‌ಡಿ ಫೋಲ್ಡರಿನಲ್ಲಿ ನೋಡಿದರೆ ಪೈಪಾ, ಫೈಲಾ, ಸಾಕೆಟ್ಟಾ ತಿಳಿಯುತ್ತದೆ. ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ತುದಿ) ಆದರೆ ಎಸ್‌ಎಸ್ ಕಮಾಂಡ್ ಆ ಕಡೆಯ ವಿಳಾಸ ಹೇಳುತ್ತದೆ. ಇಲ್ಲಿ ಬಹಳ ಜನರಿಗೆ ನಂಬೋಕೆ ಕಷ್ಟವಾಗುವ ಒಂದು ವಿಷಯ ಇದೆ. ಟಿಸಿಪಿ ಕನೆಕ್ಷನ್‌ನ ಆ ಕಡೆಯ ಮೆಷಿನ್ ಸದ್ದಿಲ್ಲದೆ ಮಾಯವಾದರೆ, ಈ ಕಡೆ ಸುಮ್ನೆ ಓದುತ್ತಾ ಕೂತ ಪ್ರೋಗ್ರಾಮ್‌ಗೆ ಅದು ಗೊತ್ತೇ ಆಗುವುದಿಲ್ಲ. ದಿನಗಟ್ಟಲೆ, ವಾರಗಟ್ಟಲೆ ಕಾಯಬಹುದು. ಆ ಕಡೆಯವರು ಇನ್ನೂ ಇದ್ದಾರಾ ಅಂತ ಕೇಳಿ ನೋಡುವ ಕೀಪ್‌ಅಲೈವ್ ಇದೆಯಲ್ಲ ಅನ್ನಬಹುದು. ಅದನ್ನು ಪ್ರೋಗ್ರಾಮ್ ತಾನೇ ಕೇಳಿ ಆನ್ ಮಾಡಿಕೊಳ್ಳಬೇಕು, ಮಾಡಿಕೊಂಡರೂ ಲಿನಕ್ಸ್‌ನಲ್ಲಿ ಮೊದಲ ಪರೀಕ್ಷೆ ಹೋಗುವುದು 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ. ಐದು ನಿಮಿಷಕ್ಕೊಮ್ಮೆ ಓಡುವ ಜಾಬ್ ಅಷ್ಟರಲ್ಲಿ 24 ಸಲ ಶುರುವಾಗಿರುತ್ತದೆ.

ಅದಕ್ಕೇ ಕ್ರಾನ್‌ನಲ್ಲಿ ನೆಟ್‌ವರ್ಕ್ ಮುಟ್ಟುವ ಯಾವ ಕಮಾಂಡನ್ನೂ ಸಮಯದ ಮಿತಿ ಇಲ್ಲದೆ ಬಿಡಬಾರದು ಅನ್ನೋದು ನನ್ನ ಹಟ. ಕರ್ಲ್‌ಗೆ ಒಟ್ಟು ಸಮಯದ ಮಿತಿ ತಾನಾಗಿ ಇರುವುದಿಲ್ಲ, ಮ್ಯಾಕ್ಸ್‌ಟೈಮ್ ನೀವೇ ಕೊಡಬೇಕು. ಎಸ್‌ಎಸ್‌ಎಚ್‌ಗೆ ಕನೆಕ್ಟ್‌ಟೈಮ್‌ಔಟ್ ಜೊತೆಗೆ ಸರ್ವರ್‌ಅಲೈವ್‌ಇಂಟರ್‌ವಲ್ ಕೊಡಿ, 15 ಅಂತ ಕೊಟ್ಟರೆ ಮೂರು ಸಲ ಉತ್ತರ ಬರದಿದ್ದಾಗ, ಸುಮಾರು 45 ಸೆಕೆಂಡಿಗೆ, ಅದೇ ಕೈ ಬಿಡುತ್ತದೆ.

‘ಡಿ’ ಬೇರೆ ತರದ ಪ್ರಾಣಿ. ಇದು ಎಬ್ಬಿಸಲಾಗದ ನಿದ್ದೆ, ಸಾಮಾನ್ಯವಾಗಿ ಡಿಸ್ಕ್ ಅಥವಾ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬಳಸುವ ಬೇರೆ ಮೆಷಿನ್‌ನ ಫೈಲುಗಳು) ಉತ್ತರಕ್ಕಾಗಿ ಕರ್ನಲ್ ಒಳಗೇ ಕಾಯುತ್ತಿರುತ್ತದೆ. ಸಿಗ್ನಲ್ ತಲುಪುತ್ತದೆ, ತೆಗೆದುಕೊಳ್ಳುವವರಿಲ್ಲ. ಲಿನಕ್ಸ್ 2.6.25ರಿಂದ, ಅಂದರೆ 2008ರಿಂದ, ಇಂಥ ನಿದ್ದೆಗಳಲ್ಲಿ ಕೆಲವು ಕಿಲ್ -9ಕ್ಕೆ ಮಾತ್ರ ಏಳುವಂತೆ ಮಾಡಿದ್ದಾರೆ, ಎನ್‌ಎಫ್‌ಎಸ್‌ನ ಹಲವು ಕಾಯುವಿಕೆಗಳು ಈ ಗುಂಪಿನವು. ಎಲ್ಲವೂ ಅಲ್ಲ. ಲಿನಕ್ಸ್‌ನ ಲೋಡ್ ಆವರೇಜ್ ಈ ‘ಡಿ’ಗಳನ್ನೂ ಎಣಿಸುತ್ತದೆ, ಆದ್ದರಿಂದಲೇ ಸಿಪಿಯು ಖಾಲಿ ಬಿದ್ದಿದ್ದರೂ ಲೋಡ್ 40 ಅಂತ ತೋರಿಸಿ ಎಲ್ಲರನ್ನೂ ಹೆದರಿಸುತ್ತದೆ. ಇಲ್ಲಿ ಪ್ರಾಸೆಸ್ ಹಿಂದೆ ಬೀಳುವುದು ವ್ಯರ್ಥ. ಸ್ಟೋರೇಜ್ ಸರಿ ಮಾಡಿ, ಅವು ತಾವೇ ಹೋಗುತ್ತವೆ. ಯಾವ ಮೌಂಟ್ (ಜೋಡಿಸಿಟ್ಟ ಡಿಸ್ಕ್) ಅಂತ ಹುಡುಕುವಾಗ ಡಿಸ್ಕ್ ಜಾಗ ತೋರಿಸುವ ಡಿಎಫ್ ಹೊಡೆಯಬೇಡಿ. ಅದೂ ಅದೇ ಗುಂಡಿಗೆ ಬಿದ್ದು ನಿಮ್ಮ ಟರ್ಮಿನಲ್ಲೇ ನಿಂತುಬಿಡಬಹುದು. ಪ್ರೊಕ್ ಒಳಗಿನ ಮೌಂಟ್ಸ್ ಫೈಲ್ ಓದಿ.

ಮೈ ಮೇಲೆ ಬೀಳುವ ಜಾಬ್‌ಗಳು

ಐದು ನಿಮಿಷಕ್ಕೊಮ್ಮೆ ಓಡುವ ಜಾಬ್‌ಗೆ ಏಳು ನಿಮಿಷ ಹಿಡಿದರೆ ಏನಾಗುತ್ತದೆ? ಕ್ರಾನ್‌ಗೆ ಅದರ ಪರಿವೆ ಇಲ್ಲ. ಹೊತ್ತಾಯಿತು, ಓಡಿಸಿತು. ಎರಡು ಕಾಪಿ ಒಂದೇ ಡಿಸ್ಕಿಗೆ ಜಗಳವಾಡುತ್ತಾ ಇಬ್ಬರೂ ನಿಧಾನ ಆಗುತ್ತಾರೆ, ಈಗ ಒಂಬತ್ತು ನಿಮಿಷ, ಆಮೇಲೆ ಹದಿನಾಲ್ಕು. ಇದು ಹಿಮ್ಮುಖ ಬರದ ಇಳಿಜಾರು.

ಬಹಳ ಜನ ಇದಕ್ಕೆ ಸ್ಕ್ರಿಪ್ಟಿನ ತಲೆಯಲ್ಲೇ ಪಿಎಸ್ ಹೊಡೆದು ಗ್ರೆಪ್ ಮಾಡಿ ‘ನಾನು ಆಗಲೇ ಓಡುತ್ತಿದ್ದೇನಾ’ ಅಂತ ಕೇಳುತ್ತಾರೆ. ಈ ಗ್ರೆಪ್ ತನ್ನನ್ನೇ ಎಣಿಸುತ್ತದೆ, ಅದನ್ನು ಕಳೆದರೂ ಕ್ರಾನ್ ಹುಟ್ಟಿಸಿದ ಶೆಲ್‌ನ ಕಮಾಂಡ್ ಸಾಲಿನಲ್ಲೂ ಸ್ಕ್ರಿಪ್ಟಿನ ಹೆಸರು ಇರುತ್ತದೆ. ಕೈಯಲ್ಲಿ ಓಡಿಸಿದಾಗ ಸರಿ, ಕ್ರಾನ್‌ನಲ್ಲಿ ಮಾತ್ರ ಓಡುವುದೇ ಇಲ್ಲ ಅನ್ನುವ ವಿಚಿತ್ರ ಹುಟ್ಟುವುದು ಹೀಗೆ. ಓಡುವಾಗ ತನ್ನ ನಂಬರನ್ನು ಬರೆದಿಡುವ ಪಿಐಡಿ ಫೈಲ್ ಇದಕ್ಕಿಂತ ವಾಸಿ. ಆದರೆ ಪ್ರಾಸೆಸ್ ಅರ್ಧದಲ್ಲಿ ಸತ್ತರೆ ಫೈಲ್ ಉಳಿಯುತ್ತದೆ, ಆ ನಂಬರ್ ಮುಂದೆ ಬೇರೆ ಯಾರಿಗೋ ಸಿಗುತ್ತದೆ, ನಿಮ್ಮ ಜಾಬ್ ಇನ್ನೊಬ್ಬರ ಮುಖ ನೋಡಿ ‘ಓಹೋ ನಾನು ಓಡುತ್ತಿದ್ದೇನೆ’ ಅಂತ ವಾಪಸ್ ಹೋಗುತ್ತದೆ.

ನನಗೆ ಸರಿ ಕಂಡಿದ್ದು ಎಫ್‌ಲಾಕ್. ಕ್ರಾನ್ ಸಾಲಿನ ಮುಂದೆ ಎಫ್‌ಲಾಕ್ -ಎನ್ ಅಂತ ಹಾಕಿ ಒಂದು ಲಾಕ್ ಫೈಲಿನ ಹೆಸರು ಕೊಟ್ಟರೆ ಆಯಿತು. ಲಾಕ್ ಸಿಕ್ಕರೆ ಓಡುತ್ತದೆ, ಸಿಗದಿದ್ದರೆ ಕಾಯದೆ ಹೊರಟುಹೋಗುತ್ತದೆ. ಆ -ಎನ್ ಬಿಟ್ಟರೆ ಹೊಸಬರು ಕ್ಯೂ ನಿಲ್ಲುತ್ತಾರೆ, ಅಂದರೆ ನಲವತ್ತು ಸಾಲುಗಳ ಸಮಸ್ಯೆಯನ್ನು ನೀವೇ ಬರೆದುಕೊಂಡ ಹಾಗೆ. ಲಾಕ್ ಇರುವುದು ಕರ್ನಲ್ ಬಳಿ, ಫೈಲಿನ ಒಳಗಲ್ಲ. ಪ್ರಾಸೆಸ್ ಹೇಗೇ ಸಾಯಲಿ ಲಾಕ್ ಬಿಡುಗಡೆ ಆಗುತ್ತದೆ. ಹಳೆಯ ಫೈಲ್ ಅಳಿಸುವ ಗೋಜಿಲ್ಲ, ಅಳಿಸಲೂಬಾರದು.

ಇದರಲ್ಲೂ ಒಂದು ಹಳ್ಳ ಇದೆ, ಮೇಲಿನ ಪೈಪ್ ಕತೆಯ ತಮ್ಮ. ಲಾಕ್ ಅಂಟಿಕೊಂಡಿರುವುದು ತೆರೆದ ಫೈಲಿಗೆ, ಅದೂ ಮಕ್ಕಳಿಗೆ ಬಳುವಳಿಯಾಗಿ ಹೋಗುತ್ತದೆ. ನಿಮ್ಮ ಜಾಬ್ ಒಂದು ಡೀಮನ್ ಎಬ್ಬಿಸಿ ತಾನು ಮುಗಿದರೂ ಡೀಮನ್ ಆ ಲಾಕ್ ಹಿಡಿದುಕೊಂಡೇ ಇರುತ್ತದೆ. ಮುಂದಿನ ಜಾಬ್‌ಗಳೆಲ್ಲ ಬಂದು, ಬಾಗಿಲು ಹಾಕಿದೆ ಅಂತ ಸದ್ದಿಲ್ಲದೆ ವಾಪಸ್. ಎರರ್ ಇಲ್ಲ, ಮೇಲ್ ಇಲ್ಲ, ಕೆಲಸವೂ ಇಲ್ಲ. ಎಫ್‌ಲಾಕ್‌ಗೆ -ಒ ಕೊಟ್ಟರೆ ಕಮಾಂಡ್ ಶುರುವಾಗುವ ಮುಂಚೆ ಆ ಫೈಲನ್ನು ಅದರ ಪಾಲಿಗೆ ಮುಚ್ಚುತ್ತದೆ, ಲಾಕ್ ಎಫ್‌ಲಾಕ್ ಕೈಯಲ್ಲೇ ಉಳಿಯುತ್ತದೆ.

ಲಾಕ್ ಜೊತೆಗೆ ಟೈಮ್‌ಔಟ್ ಕೂಡ ಇರಲಿ. ಇಲ್ಲದಿದ್ದರೆ ಮೊದಲನೆಯವನು ಸಿಕ್ಕಿಹಾಕಿಕೊಂಡಾಗ ನಲವತ್ತು ಕಾಪಿ ಬರುವುದು ತಪ್ಪುತ್ತದೆ, ಆದರೆ ಆ ಒಂದು ಕಾಪಿ ತಿಂಗಳುಗಟ್ಟಲೆ ಕೂರುತ್ತದೆ. ಟೈಮ್‌ಔಟ್ -ಕೆ 30 10ಎಂ ಅಂತ ಹಾಕಿದರೆ ಹತ್ತು ನಿಮಿಷಕ್ಕೆ ಮರ್ಯಾದೆಯಾಗಿ ಟರ್ಮ್ ಸಿಗ್ನಲ್, ಇನ್ನೂ 30 ಸೆಕೆಂಡಿಗೆ ಹೋಗದಿದ್ದರೆ ಕಿಲ್. ಟರ್ಮ್‌ಗೇ ಮುಗಿದಿದ್ದರೆ ಎಕ್ಸಿಟ್ ಕೋಡ್ 124, ಕಿಲ್‌ವರೆಗೆ ಹೋಗಿದ್ದರೆ 137. ಈ ಎರಡು ನಂಬರನ್ನು ಲಾಗ್ ಮಾಡಿಟ್ಟುಕೊಂಡರೆ ಮುಂದೆ ಯಾವ ಜಾಬ್ ಹಾಳಾಗುತ್ತಿದೆ ಅಂತ ಮೊದಲೇ ವಾಸನೆ ಬರುತ್ತದೆ.

ಕೊಲ್ಲಲೇಬೇಕಾದಾಗ

ನೋಡಿದ್ದಾಯಿತು, ಸಾಕ್ಷಿ ಬರೆದುಕೊಂಡಿದ್ದಾಯಿತು, ಈಗ ಸರ್ವರ್ ಉಳಿಸಬೇಕು. ಇಲ್ಲಿ ಜನ ಮಾಡುವ ತಪ್ಪು, ಸ್ಕ್ರಿಪ್ಟಿನ ಶೆಲ್‌ಗೆ ಮಾತ್ರ ಕಿಲ್ ಕೊಡುವುದು. ಶೆಲ್ ಸಾಯುತ್ತದೆ, ಅದು ಓಡಿಸುತ್ತಿದ್ದ ಡೇಟಾಬೇಸ್ ಡಂಪ್ ಅನಾಥವಾಗಿ ಪಿಐಡಿ 1ಕ್ಕೆ ಹೋಗಿ ಡಿಸ್ಕ್ ತಿನ್ನುತ್ತಾ ಇರುತ್ತದೆ. ಸ್ಕ್ರಿಪ್ಟ್‌ನಲ್ಲಿ ಟ್ರ್ಯಾಪ್ (ಸಿಗ್ನಲ್ ಬಂದಾಗ ಓಡಿಸಬೇಕಾದ ಸಾಲುಗಳು) ಬರೆದಿದ್ದರೆ ಇನ್ನೊಂದು ಮಜಾ: ಬ್ಯಾಶ್ ಶೆಲ್, ಆಗ ಮುನ್ನೆಲೆಯಲ್ಲಿ ಓಡುತ್ತಿರುವ ಕಮಾಂಡ್ ಮುಗಿಯುವವರೆಗೆ ಟ್ರ್ಯಾಪನ್ನು ಓಡಿಸುವುದೇ ಇಲ್ಲ. ಆ ಕಮಾಂಡೇ ಸಿಕ್ಕಿಹಾಕಿಕೊಂಡಿದ್ದರೆ ನಿಮ್ಮ ಟರ್ಮ್ ಸಿಗ್ನಲ್ ಕೂಡ ಕ್ಯೂನಲ್ಲಿ. ಕಮಾಂಡನ್ನು ಹಿನ್ನೆಲೆಯಲ್ಲಿ ಓಡಿಸಿ ಶೆಲ್‌ನಲ್ಲಿ ವೇಟ್ ಹಾಕಿದರೆ ಟ್ರ್ಯಾಪ್ ತಕ್ಷಣ ಓಡುತ್ತದೆ.

ಇಡೀ ಸಂಸಾರವನ್ನು ಒಟ್ಟಿಗೆ ಹಿಡಿಯಬೇಕು. ವಿಕ್ಸಿ ಕ್ರಾನ್ ಮತ್ತು ಅದರ ವಂಶದವು ಪ್ರತಿ ಜಾಬ್‌ಗೂ ಹೊಸ ಸೆಷನ್ ಮಾಡುತ್ತವೆ, ಇದು ನಮ್ಮ ಅದೃಷ್ಟ. ಪಿಎಸ್‌ನಲ್ಲಿ ಪಿಜಿಐಡಿ (ಪ್ರಾಸೆಸ್ ಗುಂಪಿನ ನಂಬರ್) ಮತ್ತು ಸಿಡ್ (ಸೆಷನ್ ನಂಬರ್) ಕಾಲಂ ಕೇಳಿ. ಗುಂಪಿಗೆ ಸಿಗ್ನಲ್ ಕೊಡಲು ಕಿಲ್‌ಗೆ ಪಿಜಿಐಡಿ ನಂಬರಿಗಿಂತ ಮೊದಲು ಮೈನಸ್ ಹಾಕಿ ಕೊಡಬೇಕು. ಸೆಷನ್ ಪೂರ್ತಿ ಹಿಡಿಯಲು ಪಿಕಿಲ್‌ನ -ಎಸ್ ಇದೆ. ಮೊದಲು ಪಿಗ್ರೆಪ್‌ನಲ್ಲಿ ಅದೇ ಆಯ್ಕೆ ಕೊಟ್ಟು ಯಾರ್‍ಯಾರು ಬರುತ್ತಾರೆ ನೋಡಿ, ಆಮೇಲೆ ಪಿಕಿಲ್. ಮೊದಲು ಟರ್ಮ್, ಹತ್ತು ಹದಿನೈದು ಸೆಕೆಂಡ್ ತಾಳ್ಮೆ, ಕೊನೆಗೆ ಕಿಲ್. ತನ್ನದೇ ಬೇರೆ ಸೆಷನ್ ಮಾಡಿಕೊಂಡು ಓಡಿಹೋದ ಡೀಮನ್ ಮಾತ್ರ ಈ ಬಲೆಗೂ, ಟೈಮ್‌ಔಟ್ ಬಲೆಗೂ ಬೀಳುವುದಿಲ್ಲ.

ಅಂಥವರನ್ನೂ ಹಿಡಿಯುವುದು ಸಿಸ್ಟಮ್‌ಡಿ, ಬಹಳಷ್ಟು ಲಿನಕ್ಸ್‌ಗಳಲ್ಲಿ ಸರ್ವಿಸುಗಳನ್ನು ನಡೆಸುವ ಪ್ರೋಗ್ರಾಮ್. ಅದು ಲೆಕ್ಕ ಇಡುವುದು ಪೇರೆಂಟ್ ಹೆಸರಿನಲ್ಲಲ್ಲ, ಸಿಗ್ರೂಪ್ ಅನ್ನುವ ಕರ್ನಲ್‌ನ ಡಬ್ಬದಲ್ಲಿ. ಎಷ್ಟು ಸಲ ಫೋರ್ಕ್ ಆದರೂ, ಸೆಷನ್ ಬದಲಿಸಿದರೂ ಡಬ್ಬದೊಳಗೇ ಇರುತ್ತಾರೆ. ಜಾಬನ್ನು ಕ್ರಾನ್‌ನಿಂದ ಸಿಸ್ಟಮ್‌ಡಿ ಟೈಮರ್‌ಗೆ ಸಾಗಿಸಿದರೆ, ಒನ್‌ಶಾಟ್ (ಒಂದು ಸಲ ಓಡಿ ಮುಗಿಯುವ) ಸರ್ವಿಸಿನ ಮುಖ್ಯ ಪ್ರಾಸೆಸ್ ಮುಗಿದ ತಕ್ಷಣ ಡಬ್ಬದಲ್ಲಿ ಉಳಿದವರಿಗೆಲ್ಲ ಟರ್ಮ್ ಹೋಗುತ್ತದೆ, ಸಾಮಾನ್ಯವಾಗಿ 90 ಸೆಕೆಂಡಿಗೆ ಕಿಲ್. ಹಿಂದಿನದು ಇನ್ನೂ ಓಡುತ್ತಿದ್ದರೆ ಎರಡನೆಯದು ಶುರುವಾಗುವುದೂ ಇಲ್ಲ, ಎಫ್‌ಲಾಕ್ ಬೇಡ. ಆದರೆ ಒನ್‌ಶಾಟ್‌ಗೆ ಸಮಯದ ಮಿತಿ ತಾನಾಗಿ ಇರುವುದಿಲ್ಲ, ಟೈಮ್‌ಔಟ್‌ಸ್ಟಾರ್ಟ್‌ಸೆಕ್ ನೀವೇ ಬರೆಯಬೇಕು. ರನ್‌ಟೈಮ್‌ಮ್ಯಾಕ್ಸ್‌ಸೆಕ್ ಬರೆದು ನೆಮ್ಮದಿಯಾಗಿರುವವರನ್ನು ನೋಡಿದ್ದೇನೆ, ಒನ್‌ಶಾಟ್‌ನಲ್ಲಿ ಅದಕ್ಕೆ ಕಿಮ್ಮತ್ತಿಲ್ಲ.

ಕ್ರಾನನ್ನೇ ಇಟ್ಟುಕೊಂಡರೂ ಸಿಸ್ಟಮ್‌ಡಿ ಇರುವ ಮೆಷಿನ್‌ನಲ್ಲಿ ಒಂದು ಲಾಭ ಇದೆ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಂತ ಕ್ರಾನ್ ಸರ್ವಿಸ್ ಕೇಳಿದರೆ ಅನಾಥರೂ ಸೇರಿ ಅದರ ಡಬ್ಬದಲ್ಲಿ ಇರುವವರೆಲ್ಲ ಮರದ ಹಾಗೆ ಕಾಣುತ್ತಾರೆ. ಕ್ರಾನ್ ರೀಸ್ಟಾರ್ಟ್ ಮಾಡಿದಾಗ ಜರ್ನಲ್‌ನಲ್ಲಿ ‘ಲೆಫ್ಟ್‌ಓವರ್ ಪ್ರಾಸೆಸ್ ಸಿಕ್ಕಿತು, ನಿರ್ಲಕ್ಷಿಸುತ್ತಿದ್ದೇನೆ’ ಅನ್ನುವ ಅರ್ಥದ ಸಾಲು ಬಂದರೆ ಹೆದರಬೇಡಿ. ಕೆಲವು ಕಡೆ ಕ್ರಾನ್ ಸರ್ವಿಸಿನಲ್ಲಿ ಕಿಲ್‌ಮೋಡ್ ‘ಪ್ರಾಸೆಸ್’ ಅಂತ ಇಟ್ಟಿರುತ್ತಾರೆ, ಡೀಮನ್ ರೀಸ್ಟಾರ್ಟ್ ಆದಾಗ ಓಡುತ್ತಿರುವ ಜಾಬ್‌ಗಳು ಸಾಯದಿರಲಿ ಅಂತ. ಅವು ಉಳಿದಿರುವುದನ್ನೇ ಸಿಸ್ಟಮ್‌ಡಿ ಹೇಳುತ್ತಿದೆ ಅಷ್ಟೇ. ಸಾಲಿನಲ್ಲಿ ಪಿಐಡಿಯೂ ಇರುತ್ತದೆ, ಎಷ್ಟು ಹಳೆಯದು ಅಂತ ನೋಡಿ.

ಮ್ಯಾಕ್‌ನಲ್ಲಿ ಇದೇ ಕೆಲಸ ಮಾಡುವ ಲಾಂಚ್‌ಡಿ ಇನ್ನೂ ಖಡಕ್. ಜಾಬ್ ಸತ್ತರೆ ಅದೇ ಪ್ರಾಸೆಸ್ ಗ್ರೂಪಿನಲ್ಲಿ ಉಳಿದವರನ್ನು ತಾನೇ ಕೊಲ್ಲುತ್ತದೆ. ಬೇಕಂತಲೇ ಹಿನ್ನೆಲೆಗೆ ಬಿಟ್ಟ ಪ್ರಾಸೆಸ್ ಮ್ಯಾಕ್‌ನಲ್ಲಿ ಯಾಕೆ ಉಳಿಯುತ್ತಿಲ್ಲ ಅಂತ ಉಲ್ಟಾ ದೂರು ಹೇಳುವವರಿಗೆ ಅಬ್ಯಾಂಡನ್‌ಪ್ರಾಸೆಸ್‌ಗ್ರೂಪ್ ಅನ್ನುವ ಕೀ ಇದೆ.

ಕಂಟೇನರ್ (ಆ್ಯಪನ್ನು ಬೇರ್ಪಡಿಸಿ ಓಡಿಸುವ ಡಾಕರ್‌ನಂಥ ಪೆಟ್ಟಿಗೆ) ಒಳಗೆ ಜಾಬ್ ಓಡಿಸುವವರು ಒಂದು ವಿಷಯ ನೋಡಿಕೊಳ್ಳಿ. ಅಲ್ಲಿ ಪಿಐಡಿ 1 ಅಂದರೆ ನಿಮ್ಮದೇ ಆ್ಯಪ್. ಅನಾಥ ಮಕ್ಕಳು ಬಂದು ಬೀಳುವುದು ಅದರ ಮಡಿಲಿಗೆ, ಅದಕ್ಕೋ ವೇಟ್ ಮಾಡಬೇಕು ಅಂತಲೇ ಗೊತ್ತಿರುವುದಿಲ್ಲ. ಜಾಂಬಿಗಳು ಕಂಟೇನರ್ ನಿಲ್ಲಿಸುವವರೆಗೆ ಸೇರುತ್ತಲೇ ಹೋಗುತ್ತವೆ. ಇಲ್ಲಿ ಪೇರೆಂಟನ್ನು ಕೊಲ್ಲುವ ಉಪಾಯ ನಡೆಯುವುದಿಲ್ಲ, ಪೇರೆಂಟ್ ಸತ್ತರೆ ಕಂಟೇನರೇ ಸತ್ತ ಹಾಗೆ. ಡಾಕರ್‌ಗೆ --ಇನಿಟ್ ಕೊಟ್ಟರೆ ಟೈನಿ ಅನ್ನುವ ಪುಟ್ಟ ಪ್ರೋಗ್ರಾಮ್ ಪಿಐಡಿ 1 ಆಗಿ ಕೂತು, ಬಂದ ಚೀಟಿಗಳನ್ನೆಲ್ಲ ತೆಗೆದುಕೊಳ್ಳುತ್ತದೆ.